ಸುತ್ತಿಗೆ ಎತ್ತದವನ ಉಂಗುರ

ಮಶಾಕ ಗರಗಸದ ಬ್ಲೇಡನ್ನು ಉಂಗುರಕ್ಕೆ ಹಚ್ಚಿಯೇ ಬಿಟ್ಟಿದ್ದ. ಅನಸುಬಾಯಿ ಅವನ ಮಣಿಕಟ್ಟು ಹಿಡಿದಳು.

"ಕೊಯ್ಯಬ್ಯಾಡ್ರಿ, ಮಶಾಕಭಾಯಿ."

"ಬೆರಳು ಬಾತಾದ, ವೈನಿ. ಹಂಗ ಬರಂಗಿಲ್ಲ ಅದು."

ರಾವೂರಿನ ಮನೆಯ ಪಡಸಾಲೆಯಲ್ಲಿ, ತೀರಿಕೊಂಡ ಅವಳ ಗಂಡ ಭೀಮಶ್ಯಾನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಸ್ನಾನಕ್ಕೆ ಮೊದಲು ಮೈಮೇಲಿನದೆಲ್ಲ ತೆಗೆಯಬೇಕು. ಉಡದಾರ ಬಂತು, ಉಂಗುರ ಬರಲಿಲ್ಲ. ಅನಸುಬಾಯಿಗೆ ಅದು ಬೇಕು, ಇಡಿಯಾಗಿಯೇ ಬೇಕು. ಅಂಗಳದಲ್ಲಿ ಬಿಸಿಲೇರಿತ್ತು, ಮಣ್ಣಿಗೆ ಬಂದವರು ಗುಸುಗುಸು ಶುರು ಮಾಡಿದ್ದರು.

"ಹಿತ್ತಾಳಿ ಉಂಗುರಕ್ಕ ಎಷ್ಟ ಹಠ, ಅಕ್ಕಾ!" ಎಂದ ಅವಳ ತಮ್ಮ ಸುರೇಶಕುಮಾರ. "ಬಂಗಾರದ್ದು ಕೊಡಸ್ತೀನಿ, ಬಿಡು."

"ಬಂಗಾರದ್ದು ಯಾರರೆ ಕೊಡಸ್ತಾರ. ಇದು ಅವ್ರು ಮಾಡಿದ್ದು."

ಭೀಮಶ್ಯಾ ವಾಡಿ ಕಡೆಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ. ಹಗಲಿರುಳು ತಿರುಗುವ ಯಂತ್ರಗಳ ಗೇರು, ಬೇರಿಂಗು ಬಿಚ್ಚುವುದು ಅವನ ಕೆಲಸ. ಉಕ್ಕಿನ ದಂಡದಂಥ ಶಾಫ್ಟಿಗೆ ಕಚ್ಚಿಕೊಂಡ ಬೇರಿಂಗಿಗೆ ಬಿಸಿ ಎಣ್ಣೆ ಉಣಿಸಿ, ಪುಲ್ಲರ್ ಹಾಕಿ, ಕೂಸನ್ನು ಎತ್ತಿಕೊಳ್ಳುವಂತೆ ಎಳೆದುಕೊಳ್ಳುತ್ತಿದ್ದ. ಯಾರಾದರೂ ಸುತ್ತಿಗೆ ಎತ್ತಿದರೆ ಅವರ ಏಳು ತಲೆಮಾರಿಗೂ ಬೈಗುಳ ಬೀಳುತ್ತಿತ್ತು. ಬಿಚ್ಚಿದ್ದನ್ನು ಬರಿ ನೆಲಕ್ಕೆ ಇಡುವಂತಿಲ್ಲ. ಜೋಡಿಗಾರ ಮಶಾಕ ಶುಭ್ರ ಬಟ್ಟೆ ಹಾಸಬೇಕು, ಮತ್ತೆ ಜೋಡಿಸುವಾಗ ದಿಕ್ಕು ತಪ್ಪದಿರಲೆಂದು ಹೊಡೆದ ಗುರುತಿನ ಚುಕ್ಕೆ ಮೇಲೆ ಕಾಣುವಂತೆ ಅದರ ಮೇಲೆ ಇಡಬೇಕು. ಹಾಗೆ ಬಟ್ಟೆ ಹಾಸಿ ಹಾಸಿಯೇ ಮಶಾಕನ ಗಡ್ಡ ನೆರೆತಿತ್ತು. ಸವೆದು ಮೂಲೆ ಸೇರಿದ ಒಂದು ಬೇರಿಂಗಿನ ಹಿತ್ತಾಳೆಯಿಂದ ಭೀಮಶ್ಯಾ ಎರಡು ಉಂಗುರ ಮಾಡಿದ್ದ. ಒಂದು ತನಗೆ, ಒಂದು ಹೆಂಡತಿಗೆ. ಅವುಗಳ ಅಂಚಿಗೂ ಚುಕ್ಕೆ ಹೊಡೆಯದೆ ಬಿಟ್ಟಿರಲಿಲ್ಲ.

*

ಮಗಳು ಕರುಣಾ ಹೊಟ್ಟೆಯಲ್ಲಿದ್ದಾಗ ಅನಸುಬಾಯಿಯ ಬೆರಳೂ ಹೀಗೇ ಬಾತಿತ್ತು. ಓಣಿಯ ಹೆಂಗಸರು ಉಂಗುರ ಕೊಯ್ಯಿಸು ಎಂದರು. ಡ್ಯೂಟಿ ಮುಗಿಸಿ ಬಂದ ಭೀಮಶ್ಯಾ ಅವಳೆದುರು ಕುಕ್ಕರುಗಾಲಲ್ಲಿ ಕೂತ.

"ನನ್ನ ಬೆರಳೇನು ಶಾಫ್ಟ್ ಅದಾ?" ಎಂದು ಅವಳು ಕೈ ಹಿಂದೆಳೆದಳು.

"ಶಾಫ್ಟೇ ಅಂತ ತಿಳಿ. ಕಚಗೊಂಡಿದ್ದರ ಮ್ಯಾಲ ಸಿಟ್ಟು ಮಾಡಬಾರದು, ಅನಸು. ಅದಕ್ಕ ದಾರಿ ಮಾಡಿ ಕೊಡಬೇಕು."

ಸೂಜಿಯಿಂದ ದಾರದ ಒಂದು ತುದಿಯನ್ನು ಉಂಗುರದ ಅಡಿಗೆ ತೂರಿಸಿ, ಉಳಿದದ್ದನ್ನು ಗೆಣ್ಣಿನ ಮೇಲೆ ಬಿಗಿಯಾಗಿ ಸುತ್ತಿದ. ಆಮೇಲೆ ಒಳತುದಿ ಹಿಡಿದು ಬಿಚ್ಚುತ್ತ ಬಂದ. ಉಂಗುರ ದಾರದ ಮೇಲೇರಿ ತಾನಾಗಿ ಹೊರಬಂತು. ಆ ದಿನ ಗಂಡನ ಮೇಲೆ ಉಕ್ಕಿದ ಹೆಮ್ಮೆ ಅವಳಲ್ಲಿ ಇವತ್ತಿಗೂ ಇಳಿದಿರಲಿಲ್ಲ.

*

"ಕರುಣಾ, ಸೂಜಿ ದಾರ ತಾ. ಕೊಬ್ರಿ ಎಣ್ಣಿನೂ ತಾ."

"ಅವ್ವಾ, ಮಂದಿ ಕಾಯಾಕತ್ತಾರ."

"ಕಾಯಲಿ. ನಿಮ್ಮಪ್ಪ ಜೀವಮಾನದಾಗ ಒಂದನ್ನೂ ಮುರದು ತಗದವ್ರಲ್ಲ. ಅವ್ರ ಕೈಯಾಗಿಂದು ನಾ ಮುರದು ತಗಿಲೇನು?"

ಆತುರಗಾರನಿಗೆ ಬುದ್ಧಿ ಮಟ್ಟ. ಸುರೇಶಕುಮಾರ ಮತ್ತೆ ಬಾಯಿ ತೆರೆದ. ಮಶಾಕ ಅವನತ್ತ ಕಣ್ಣು ಬಿಟ್ಟ. ಸುರೇಶಕುಮಾರ ಬಾಯಿ ಮುಚ್ಚಿದ.

ಮೊದಲ ಸಲ ದಾರ ಹರಿಯಿತು. ಅನಸುಬಾಯಿ ಮತ್ತೆ ಸುತ್ತಿದಳು. ಗೆಣ್ಣಿನ ಹತ್ತಿರ ಉಂಗುರ ನಿಂತೇ ಬಿಟ್ಟಿತು.

"ಎಣ್ಣಿ ಹಾಕ್ರಿ, ವೈನಿ. ಇನ್ನಾ ಸೊಲ್ಪ. ಈಗ ಬಿಚ್ಚರಿ, ಸಾವಕಾಶ," ಎಂದ ಮಶಾಕ. ಫ್ಯಾಕ್ಟರಿಯಲ್ಲಿ ಭೀಮಶ್ಯಾ ಅವನಿಗೆ ಹೇಳುತ್ತಿದ್ದ ಮಾತೇ ಅದು.

ಅಂಗಳದಲ್ಲಿದ್ದವರು ಬಾಗಿಲಿಗೆ ಬಂದು ಇಣುಕಿದರು. ಉಂಗುರ ಗೆಣ್ಣು ದಾಟಿತು. ಅವಳ ಅಂಗೈಗೆ ಬಂತು, ಒಂದು ಗೀರೂ ಇಲ್ಲದೆ.

ಅದನ್ನು ಎಲ್ಲಿಡಲಿ ಎಂದು ಅವಳು ನೋಡುವಷ್ಟರಲ್ಲಿ ಮಶಾಕ ಬ್ಲೇಡನ್ನು ಕಿಸೆಗೆ ಸೇರಿಸಿದ್ದ. ಹೆಗಲ ಮೇಲಿನ ಬಿಳಿ ಟವೆಲನ್ನು ಕೊಡವಿ ಅವಳ ಮುಂದೆ ಹಾಸಿದ, ಸುಕ್ಕುಗಳನ್ನು ಅಂಗೈಯಿಂದ ಸವರಿದ. ಅನಸುಬಾಯಿ ಉಂಗುರವನ್ನು ಅದರ ನಡುವೆ ಇಟ್ಟಳು. ಮತ್ತೆ ಬಗ್ಗಿ, ಚುಕ್ಕೆ ಮೇಲೆ ಬರುವಂತೆ ಮಗುಚಿ ಇಟ್ಟಳು.