ಲಡಿ ಬೆಳ್ಳಗೆ ಬಂದ ನೀರು

“ಇಷ್ಟೊಂದು ಬಣ್ಣ ಎಲ್ಲಿಗಿ ಹೋಗಿರಬೇಕು?”

ದಾನಮ್ಮ ಕೇಳಿದ್ದು ಯಾರನ್ನೂ ಅಲ್ಲ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಅವಳ ಭಟ್ಟಿಯ ಹಿತ್ತಲಲ್ಲಿ ಆಗ ಅವಳೊಬ್ಬಳೇ ಇದ್ದಳು. ಎದುರಿಗೆ ಸಿಮೆಂಟಿನ ಟಾಕಿ, ಅದರೊಳಗೆ ಸಾಲಾಗಿ ಇಳಿಬಿಟ್ಟ ತಗಡುಗಳು, ತಗಡುಗಳಿಗೆ ಕರೆಂಟು ತರುವ ದಪ್ಪ ವೈರು. ಭಟ್ಟಿಗೆ ಬೀಗ ಬೀಳುವ ಮೊದಲು ಉಳಿದಿದ್ದ ಬಣ್ಣದ ನೀರು ಬೆಳಿಗ್ಗೆ ತುಂಬಿಸಿದಾಗ ಕುಂಕುಮ ಕದಡಿದಂತಿತ್ತು. ಕರೆಂಟು ಹರಿದದ್ದೇ ತಗಡುಗಳ ಮೈತುಂಬ ಗುಳ್ಳೆ ಎದ್ದವು, ನೊರೆ ಕಟ್ಟಿತು, ಕೆಂಪು ಕೇಸರಿಯಾಯಿತು, ಕೇಸರಿ ಹಳದಿಗೆ ತಿರುಗಿತು. ಈಗ ಟಾಕಿಯ ತಳದ ಬಿರುಕೂ ಕಾಣುತ್ತಿತ್ತು.

ಬಣ್ಣ ಹಾಕುವ ಮನೆಗಳಲ್ಲಿ ಬರೀ ಕಣ್ಣನ್ನು ನಂಬುವ ರೂಢಿ ಇಲ್ಲ. ಬಿಳಿ ನೂಲಿನ ಒಂದು ಲಡಿಯನ್ನು ನೀರಿಗೆ ಅದ್ದಬೇಕು. ಲಡಿ ಬೆಳ್ಳಗೇ ಮೇಲೆ ಬಂದರೆ ಬಣ್ಣ ತೀರಿತು ಎಂದರ್ಥ. ದಾನಮ್ಮ ಅದ್ದಿದಳು. ಲಡಿ ಹೋದದ್ದಕ್ಕಿಂತಲೂ ಬೆಳ್ಳಗಾಗಿ ಬಂತು. ಅದನ್ನು ಮತ್ತೆ ಟಾಕಿಯೊಳಗೇ ಜಾರಬಿಟ್ಟು, ಕರೆಂಟು ಬಂದ್ ಮಾಡಿ, ಓಣಿಗೆ ಓಡಿದಳು.

“ನೀರು ಶುದ್ಧ ಆತ್ರಿ!”

ಓಣಿಗೆ ಅದು ಸಣ್ಣ ಮಾತಲ್ಲ. ಭಟ್ಟಿಗಳ ನೀರಿನಿಂದ ಹಳ್ಳ ಕೆಂಪಾಗಿ ಹರಿದದ್ದಕ್ಕೆ ಮಾಲಿನ್ಯ ಮಂಡಳಿಯ ಸಾಹೇಬರು ಬಂದು ಎಲ್ಲ ಭಟ್ಟಿಗಳಿಗೂ ಬೀಗ ಜಡಿದು ಹೋಗಿದ್ದರು. ಒಬ್ಬರಾದರೂ ನೀರು ಶುದ್ಧ ಮಾಡಿ ತೋರಿಸಿದರೆ ಮಾತ್ರ ಬೀಗ ತೆಗೆಯುವ ಮಾತು. ದಾನಮ್ಮ ಟಾಕಿ ಕಟ್ಟಿಸುವಾಗ ನಕ್ಕವರೇ ಬಹಳ. “ದಾನವ್ವ ನೀರಿಗಿ ಶಾಕ್ ಹೊಡಸ್ತಾಳಂತ! ಬಣ್ಣ ಅಂಜಿ ಕೃಷ್ಣಾ ಹೊಳಿತನಾ ಓಡತೈತಿ ಬಿಡ್ರಿ.” ಹಾಗಂದವರೇ ಈಗ ಒಬ್ಬರ ಹೆಗಲ ಮೇಲಿಂದೊಬ್ಬರು ಟಾಕಿಗೆ ಇಣುಕಿದರು. ಹಳ್ಳದ ದಂಡೆಯ ಬೋರವ್ವ ಮಾತ್ರ ಅವಳ ಗಲ್ಲ ಹಿಡಿದು, “ನಾಳಿಂದ ಎಮ್ಮಿ ಹಳ್ಳಕ್ಕ ಬಿಡತೀನಿ ನನ್ನವ್ವಾ, ನಿನ್ನ ಮಾತಿನ ಮ್ಯಾಲ,” ಎಂದಳು.

ಮಧ್ಯಾಹ್ನ ಜಮಖಂಡಿಯಿಂದ ರಾಜಶ್ರೀ ಬಂದಳು. ಅಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಈ ಟಾಕಿಯ ಲೆಕ್ಕ ಹಾಕಿಕೊಟ್ಟವಳೂ ಅವಳೇ. ಹಿತ್ತಲಿಗೆ ಕಾಲಿಟ್ಟವಳೇ ಮೂಗು ಅರಳಿಸಿದಳು.

“ಅಕ್ಕಾರ, ಸಂಜೀತನಾ ನಡಸ್ರಿ ಅಂದಿದ್ನಲ್ಲ?”

“ಬಣ್ಣ ಹೋತಲ್ರಿ ಮೇಡಂ. ಹೋದಮ್ಯಾಗ ಇನ್ನ್ಯಾಕ ಅಂತ ಬಂದ್ ಮಾಡಿದೆ.”

“ಬಣ್ಣ ಕಣ್ಣಿಂದ ಹೋಗೇತಿ, ನೀರಿಂದ ಹೋಗಿಲ್ಲ. ಬಣ್ಣ ಹಿಡೀಲಿ ಅಂತ ಉಪ್ಪು ಹಾಕಿರತೀರಲ್ಲ, ಕರೆಂಟ್ ಆ ಉಪ್ಪಿಂದ ಕ್ಲೋರಿನ್ ಎಬ್ಬಸ್ತೈತಿ. ಕ್ಲೋರಿನ್ ಬಣ್ಣಾನ ಒಡದು ಚೂರು ಮಾಡೇತಿ ಅಷ್ಟ. ಚೂರು ಒಳಗ ಅದಾವು. ಕೆಲವು ಕ್ಲೋರಿನ್ ಕೂಡ ಗಂಟು ಹಾಕ್ಕೊಂಡು ಮೊದಲಿಗಿಂತ ಖೋಡಿ ಆಗಿರತಾವು. ಅವು ಪೂರಾ ಸುಟ್ಟು ಹೋಗೂತನಾ ಕರೆಂಟ್ ಹರೀಬೇಕು. ಆಮ್ಯಾಲ ಇದ್ದಲಿಯೊಳಗ ಸೋಸಬೇಕು.”

“ಲಡಿ ಬೆಳ್ಳಗ ಬಂದೈತ್ರಿ!”

“ಬೆಳ್ಳಗ ಬರದ ಏನ್ ಮಾಡತೈತಿ? ಬ್ಲೀಚಿಂಗ್ ಪೌಡರಿನ್ಯಾಗ ಇರೂದೂ ಇದ ಕ್ಲೋರಿನ್.”

ದಾನಮ್ಮನಿಗೆ ಸಿಟ್ಟು ಬಂತು. ಟಾಕಿಗೆ ಕೈ ಹಾಕಿ ಲಡಿ ಎತ್ತಿ ಹಿಂಡಿದಳು. ಅಂಗೈಯಲ್ಲಿ ಏನೋ ಸಡಿಲಾದಂತಾಯಿತು. ಒಂದು ಎಳೆ ಬಿಡಿಸಿ ಎರಡು ಬೆರಳಲ್ಲಿ ಎಳೆದಳು. ಸದ್ದಿಲ್ಲದೆ ತುಂಡಾಯಿತು. ಇನ್ನೊಂದು ಎಳೆದಳು, ಅದೂ ಹಾಗೆಯೇ. ಮಗ್ಗದ ಹೊಡೆತ ತಿಂದು ಸೀರೆಯಾಗಬೇಕಾದ ನೂಲು ತೊಯ್ದ ಶಾವಿಗೆಯಂತೆ ಕಿತ್ತು ಬರುತ್ತಿತ್ತು. ನೂಲಿಗೇ ಈ ಗತಿಯಾದರೆ ಎಮ್ಮೆಯ ಹೊಟ್ಟೆಗೆ ಏನು ಗತಿ?

ಚಿಕ್ಕಂದಿನಿಂದ ಶ್ರಾವಣದ ಪುರಾಣ ಕೇಳಿ ಬೆಳೆದವಳು ಅವಳು. ಹೇಳುವವರ ಬಾಯಲ್ಲಿ ಒಂದು ಪದ ಜಾರಿದರೆ ಅಲ್ಲೇ ನಿಲ್ಲಿಸಿ, ಪದ್ಯವನ್ನು ಮತ್ತೆ ಮೊದಲಿನಿಂದ ಹೇಳಿಸುವ ಮನೆ. ಹೊರಬಾಗಿಲಿಗೆ ಬಂದು, ಮುಂಜಾನೆ ನಿಂತಲ್ಲೇ ನಿಂತು, ಮುಂಜಾನೆಯಷ್ಟೇ ಜೋರಾಗಿ ಕೂಗಿದಳು.

“ನೀರು ಶುದ್ಧ ಆಗಿಲ್ರಿ! ನಾ ತಪ್ಪ ಒದರಿದ್ದೆ! ಬೋರವ್ವಾ, ಎಮ್ಮಿ ಬಿಡಬ್ಯಾಡಬೇ!”

ಕೂಗು ಮುಗಿಯುವುದರೊಳಗೆ ಪ್ರಭುಲಿಂಗಪ್ಪ ಎದುರಿಗಿದ್ದ. ಭಟ್ಟಿಯವರ ಸಂಘದ ಹಿರಿಯ. ಅವನ ಭಟ್ಟಿಗೂ ಬೀಗ ಬಿದ್ದಿತ್ತು. ಕೈಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಕೊಡ.

“ಬಾಯಿ ಮುಚ್ಚ ತಂಗಿ, ಒಳಗ ನಡಿ. ನಾಳೆ ಸ್ವಾಮಾರ, ಶಿವನ ವಾರ, ಸಾಹೇಬ್ರೂ ಬರತಾರ. ಅವರ ಎದುರಿಗೇ ಈ ನೀರಿಲೆ ಗುಡ್ಯಾಗ ಲಿಂಗಕ್ಕ ಮಜ್ಜನ ಮಾಡಸ್ತೀವಿ. ಲಿಂಗದ ಮ್ಯಾಲ ಸುರದ ನೀರಿಗಿ ಹೊಲಸು ಅನ್ನೂ ಗಂಡ್ಸು ಯಾವಾಂವ ಅದಾನ?”

“ಇದು ಹೊಲಸ ಐತ್ರಿ ಕಾಕಾ. ನಾ ಹೆಂಗಸು, ನಾನ ಅನ್ನಾಕತ್ತೀನಿ.”

“ಶುದ್ಧ ಅಂತ ಒದರಿದಾಕಿ ನೀನ!”

“ಒದರಿದ ಬಾಯೇ ಈಗ ಅಲ್ಲ ಅಂತೈತಿ. ಎರಡೂ ಸಲ ನಿಮಗ ಕೇಳಿಸೇತಿ.”

ಪ್ರಭುಲಿಂಗಪ್ಪ ರಾಜಶ್ರೀಯ ಕಡೆ ನೋಡಿ ನಕ್ಕ. “ಸಾಲಿ ಓದಿದವರ ಗಾಳಿ ಹೊಡದೈತಿ ನಿನಗ. ಹರಿಯೋ ನೀರಿಗಿ ಮೈಲಿಗಿ ಇಲ್ಲಲೇ ಹುಚ್ಚಿ.”

“ಹರಿಯೋ ನೀರಿಗಿ ಇಲ್ರಿ. ಹರಿಸೋ ಕೈಗಿ ಐತಿ.”

ಅವಳು ಹಿತ್ತಲಿಗೆ ನಡೆದು ಸ್ವಿಚ್ ಒತ್ತಿದಳು. ತಗಡುಗಳು ಗುಂಯ್‌ಗುಡತೊಡಗಿದವು, ತಿಳಿಯಾಗಿ ಕಾಣುವ ನೀರಿನಲ್ಲಿ ಗುಳ್ಳೆ ಎದ್ದವು. ಪ್ರಭುಲಿಂಗಪ್ಪ ಬೆನ್ನಿಗೇ ಬಂದ. ದನಿ ಇಳಿದಿತ್ತು.

“ಕೇಳಿಲ್ಲಿ ನನ್ನವ್ವಾ. ನೂಲಿಲ್ಲದ ಮಗ್ಗ ನಿಂತಾವು. ನಿನ್ನ ಭಟ್ಟಿಗೂ ಬೀಗ ಐತಿ. ನಾಳೆ ಮಜ್ಜನ ಆತಂದ್ರ ಎಲ್ಲಾರ ಬೀಗ ತಗೀತಾರ. ನಿನ್ನ ಟಾಕಿ ಆಮ್ಯಾಲ ಎಷ್ಟ ಹೊತ್ತಾರ ನಡಸು, ಯಾರು ಬ್ಯಾಡಂತಾರ?”

“ಆಮ್ಯಾಲ ಯಾರೂ ನಡಸೂದಿಲ್ಲ ಕಾಕಾ. ಬೆಳ್ಳಗಾತಂದ್ರ ಸಾಕು ಅಂತ ನಾನ ನಿಲ್ಲಿಸಿದ್ದೆ. ನಿಮಗ ಹೆಂಗ ಬೈಲಿ? ಸಾಹೇಬ್ರು ಬರಲಿ. ಆಗಿಲ್ಲ ಅಂತ ನಾನ ಹೇಳತೀನಿ, ಆಗೂತನಾ ಕುಂಡ್ರಿ ಅಂತೀನಿ.”

“ಓಣಿ ನಿನ್ನ ಮಾತಾಡಸೂದಿಲ್ಲ.”

“ಬ್ಯಾಡ. ಈ ಟಾಕಿ ಮಾತಾಡತೈತಿ, ಕೇಳ್ರಿ ಹೆಂಗ ಗುಂಯ್ ಅಂತೈತಿ.”

ಹಿರಿಯನ ಮುಖ ಕಂದಿತು. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಬಗಲಲ್ಲಿ ಇಟ್ಟುಕೊಂಡ. ಕೊಡವನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.

“ನಿಮ್ಮಪ್ಪನ ವಾರಿಗಿಯಾಂವ ಅದೀನಿ. ನಿನಗ ಕೈ ಒಡ್ಡಾಕತ್ತೀನಿ ದಾನವ್ವಾ. ಒಂದ ಕೊಡ ನೀರು.”

ದಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನಿಗೂ ಟಾಕಿಗೂ ನಡುವೆ ಬಂದು ನಿಂತಳು.

“ಕೊಡೂದಿಲ್ಲ.”