ಚಂಪಾಳ ಕೈಗಡಿಯಾರ

"ಟೈಮ್ ಎಷ್ಟು, ಚಂಪಾ?"

"ಮೂರೂ ಇಪ್ಪತ್ತು. ಹತ್ತು ನಿಮಿಷಕ್ಕೊಂದ್ಸಲ ಕೇಳ್ತೀಯಲ್ಲೇ! ಬೆಟ್ಟಾನೂ ನಿಂಗೆ ವಾರ್ಡಾ?"

ಜರ್ಮನಿಯ ದಕ್ಷಿಣದ ಬೆಟ್ಟಗಳಲ್ಲಿ ಅದು ನಮ್ಮ ಕೊನೆಯ ದಿನ. ಕೆಳಗಿಳಿಯುವ ಕೊನೆಯ ಕೇಬಲ್ ಕಾರು ನಾಲ್ಕೂವರೆಗೆ. ಅದು ತಪ್ಪಿದರೆ ಮೂರು ಗಂಟೆ ಕಾಲ್ನಡಿಗೆ. ರಾತ್ರಿಯ ವಿಮಾನವೂ ತಪ್ಪುತ್ತದೆ. ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ನನ್ನ ವಾರಾಂತ್ಯದ ಡ್ಯೂಟಿಯನ್ನು ವಹಿಸಿಕೊಂಡ ಕೌಸಲ್ಯಾ, ಪಾಳಿ ಪಟ್ಟಿ ಬದಲಿಸುವಾಗಲೇ ಹೇಳಿದ್ದಳು: "ಸೋಮವಾರ ಬೆಳಿಗ್ಗೆ ಎಂಟಕ್ಕೆ ನೀನಿಲ್ಲಿ ಇರ್ಲೇಬೇಕು, ಶರ್ವಾಣಿ. ಅಪ್ಪ ಅಮ್ಮ ಮೊದಲ ಸಲ ಬರ್ತಿದಾರೆ. ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ನಾನೇ ಹೋಗ್ಬೇಕು."

ದಾರಿ ತಪ್ಪೀತೆಂದು ಮ್ಯಾಪ್ ನೋಡಿ ನೋಡಿ ನನ್ನ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿದಿತ್ತು. ಚಂಪಾ ತನ್ನ ಫೋನನ್ನು ಆಫ್ ಮಾಡಿ ಬ್ಯಾಗಿನ ತಳದಲ್ಲಿಟ್ಟಿದ್ದಳು. ಉಳಿದದ್ದು ಅವಳ ಕೈಗಡಿಯಾರವೊಂದೇ. ಲೀಡ್ಸ್‌ನಿಂದ ಬಂದಿದ್ದ ಈ ಗೆಳತಿಗೆ ಅವಸರವೆಂಬುದಿಲ್ಲ. ಕೊರಳಲ್ಲಿ ಗಂಟೆ ಕಟ್ಟಿದ ಹಸು ಕಂಡಲ್ಲೆಲ್ಲ ನಿಂತಳು; ಬೆಂಚು ಕಂಡಲ್ಲೆಲ್ಲ ಚಕ್ಕುಲಿ ಡಬ್ಬಿ ತೆಗೆದಳು. ನಾನು ಮಾತ್ರ ಎದುರಿಗೆ ಬರುವವರನ್ನು ಗಮನಿಸುತ್ತಿದ್ದೆ. ಸ್ವಲ್ಪ ಹೊತ್ತಿನಿಂದ ಯಾರೂ ಬರುತ್ತಿರಲಿಲ್ಲ.

ಕೇಬಲ್ ಕಾರಿನ ನಿಲ್ದಾಣದ ಶಟರ್ ಎಳೆದಿತ್ತು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಐದು ನಿಮಿಷ.

"ಅವರ ಗಡಿಯಾರ ಕೆಟ್ಟಿದೆ ಕಣೆ. ನಂದ್ರಲ್ಲಿ ಇನ್ನೂ ನಾಲ್ಕೇ ಆಗಿಲ್ಲ."

"ಚಂಪಾ, ಲೀಡ್ಸಿಗಿಂತ ಇಲ್ಲಿ ಒಂದು ಗಂಟೆ ಮುಂದೆ. ನೀನು ವಾಚ್ ಬದಲಾಯಿಸ್ಲಿಲ್ವಾ?"

ಕಚ್ಚಿದ ಚಕ್ಕುಲಿ ಅವಳ ಬಾಯಲ್ಲೇ ಉಳಿಯಿತು. "ಬದಲಾಯಿಸಿದ್ರೆ ಅಮ್ಮನ ಲೆಕ್ಕ ತಪ್ಪುತ್ತಲ್ಲೇ. ನಮ್ಮ ನಾಲ್ಕು ಅಂದ್ರೆ ಮೈಸೂರಲ್ಲಿ ಎಂಟೂವರೆ. ಮಾತ್ರೆ ನೆನಪಿಸ್ಬೇಕು."

ಮಧ್ಯಾಹ್ನದಿಂದ ಆ ವಾಚನ್ನು ನಂಬಿ ನಡೆದಿದ್ದೆ. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಅವಳ ಫೋನಿನಿಂದಲೇ ಕೌಸಲ್ಯಾಗೆ ಕರೆ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಬರಲಾಗುವುದಿಲ್ಲವೆಂದು ಹೇಳಿ ಮುಗಿಸುವ ಮೊದಲೇ ಚಂಪಾ ಫೋನು ಕಿತ್ತುಕೊಂಡಳು. "ತಪ್ಪು ನಂದು, ಕೌಸಲ್ಯಾ. ನಮ್ಮನೆಯವರು ಚಿದಾನಂದ ಲೀಡ್ಸಲ್ಲೇ ಇದಾರೆ. ಏರ್‌ಪೋರ್ಟಿಗೆ ಅವ್ರೇ ಹೋಗಿ ಕನ್ನಡದಲ್ಲಿ ಬೋರ್ಡ್ ಹಿಡ್ಕೊಂಡು ನಿಂತಿರ್ತಾರೆ."

ಚಂಪಾ ಸ್ಪೀಕರ್ ಒತ್ತಿದಳು. "ಹೊರಗೆ ಬಂದ ತಕ್ಷಣ ನನ್ನ ಮುಖಾನೇ ನೋಡ್ಬೇಕು ಅಂತಿದ್ರು ಅಮ್ಮ. ಇರ್ಲಿ ಬಿಡಿ," ಎಂದು ಕೌಸಲ್ಯಾ ಫೋನಿಟ್ಟಳು.

ಆ 'ಇರ್ಲಿ'ಯನ್ನು ನಾನು ಸೋಮವಾರ ಅವಳೆದುರು ನಿಂತು ಮತ್ತೊಮ್ಮೆ ಕೇಳಬೇಕು.

ಅಷ್ಟರಲ್ಲಿ ವಾಚಿನ ಅಲಾರಂ ಹೊಡೆಯಿತು. ಚಂಪಾ ತಡಮಾಡದೆ ಮೈಸೂರಿಗೆ ಫೋನಾಯಿಸಿದಳು. "ಮಾತ್ರೆ ತಗೊಂಡ್ಯೇನಮ್ಮಾ? ನಾನಾ? ಮನೇಲೇ ಇದೀನಿ. ಗಂಟೆ ಸದ್ದಾ? ಟಿವಿ ಅಮ್ಮಾ, ಟಿವಿ!"

ಬೇಲಿಯಾಚೆ ಹಸುಗಳು ಮೇಯುತ್ತಿದ್ದವು. ನಾನು ಕಾಯದೆ ಇಳಿಯತೊಡಗಿದೆ.

"ನಿಲ್ಲೇ! ಈಗಿನ್ನೂ ನಾಲ್ಕು ಗಂಟೆ ಆಗಿರೋದು, ಕತ್ತಲಾಗೋಕೆ ಬೇಕಾದಷ್ಟು ಹೊತ್ತಿದೆ," ಎಂದು ಅವಳು ಹಿಂದೆಯೇ ಓಡಿ ಬಂದಳು.

ನಾನು ನಿಂತು ಕೈ ಚಾಚಿದೆ. "ಮೊದಲು ಆ ವಾಚ್ ಬಿಚ್ಚಿ ಇಲ್ಲಿ ಕೊಡು."