ಕೆಂಪು ಗ್ಯಾಲರಿಯಲ್ಲಿ ನೀಲಿ ಬೀಗರು

ಗ್ಯಾರೇಜು ನಡೆಸುವ ಭೋಂಗಾ ಬಾಯಿ ತೆರೆದರೆ ಫುಟ್‌ಬಾಲ್ ಮೈದಾನದ ಪಕ್ಕದ ಆಸ್ಪತ್ರೆಯಲ್ಲಿ ದಿನ ತುಂಬದ ಬಸುರಿಯರಿಗೂ ಹೆರಿಗೆಯಾಗುತ್ತಿತ್ತು. ಅಂಥ ಗಂಟಲು, ಸೈರನ್ನಿನ ಆ ಅಡ್ಡಹೆಸರು ಬಂದದ್ದೂ ಅದಕ್ಕೇ. ಆ ಗಂಟಲಿನ ಬಲದಿಂದಲೇ ಅವನು ಕೆಂಪು ತಂಡದ ಅಭಿಮಾನಿ ಸಂಘಕ್ಕೆ ಅಧ್ಯಕ್ಷನಾಗಿದ್ದ. ಗ್ಯಾಲರಿಯ ಮುಂದಿನ ಸಾಲಿನಲ್ಲಿ, ಕಂಬಿಗೆ ಮೊಣಕೈ ಊರಿಕೊಂಡು ಕೂರುವ ಮೂಲೆ ಸೀಟು ಅವನದಾಗಿತ್ತು. ಹೆಂಡತಿ ಬದಲಾದರೆ ಹೇಗೋ ಸಹಿಸಿಯಾನು, ಸೀಟು ಬದಲಾದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಸ್ವತಃ ಹೆಂಡತಿಯೇ ಹೇಳಿಕೊಂಡು ಓಡಾಡುತ್ತಿದ್ದಳು.

ಹೋದ ತಿಂಗಳ ಸಭೆಯಲ್ಲಿ ಭೋಂಗಾ ಒಂದು ನಿಯಮ ತಂದ. ನೀಲಿ ತಂಡದವರಿಗೆಂದೇ ಮೈದಾನದ ಆಚೆ ತುದಿಯಲ್ಲಿ ಜಾಲರಿ ಹಾಕಿದ ಕಟ್ಟೆ ಇದೆ. ಅದನ್ನು ಬಿಟ್ಟು ಯಾರಾದರೂ ಅವರನ್ನು ಕೆಂಪು ಗ್ಯಾಲರಿಗೆ ಕರೆತಂದರೆ, ಕರೆತಂದವನ ಸೀಟು ಹೋಯಿತು.

"ಬಂದವನಿಗೆ ಏನೂ ಇಲ್ವಾ?" ಎಂದು ಸಂಘದ ಕಾರ್ಯದರ್ಶಿಯಾಗಿದ್ದ ದರ್ಜಿ ಕೇಳಿದ್ದ.

"ಬಂದವನಿಗೆ ಬುದ್ಧಿ ಇಲ್ಲ, ಬಿಡಿ. ನಮ್ಮೋನಾಗಿದ್ದು ಕರ್ಕೊಂಡ್ ಬರ್ತಾನಲ್ಲ, ಅವನು ದ್ರೋಹಿ. ಹೆತ್ತ ತಾಯೀನ ಕರ್ಕೊಂಡ್ ಬಂದ್ರೂ ಅಷ್ಟೇ."

ಚಪ್ಪಾಳೆ ಬಿತ್ತು. ತಾಯಿಯ ಲೆಕ್ಕ ಹಿಡಿದ ಪುಣ್ಯಾತ್ಮನಿಗೆ ಬೀಗರ ನೆನಪೇ ಬರಲಿಲ್ಲ. ಅವನು ಒಬ್ಬಳೇ ಮಗಳನ್ನು ಕೊಟ್ಟದ್ದು ನೀಲಿ ತಂಡದ ಊರಿಗೆ. ಸಂಬಂಧ ಇನ್ನೂ ಹೊಸದು, ಮುಟ್ಟಿದರೆ ಬಣ್ಣ ಕೈಗೆ ಅಂಟುವಷ್ಟು. ನೀಲಿ ತಂಡ ಆಡಲು ಬಂದ ದಿನವೇ ಅಳಿಯನ ಅಪ್ಪನೂ ಬಂದಿಳಿದರು. ಬೇಕರಿ ನಡೆಸುವ, ಬಾಗಿಲಿಗೆ ಓರೆಯಾಗಿ ನುಗ್ಗಬೇಕಾದಷ್ಟು ದಪ್ಪ ಮನುಷ್ಯ. ಮೈಮೇಲೆ ನೀಲಿ ಅಂಗಿ.

"ರೀ, ಬೀಗರನ್ನ ಪಕ್ಕದಲ್ಲೇ ಕೂರಿಸ್ಕೊಳ್ಳಿ," ಎಂದಳು ಹೆಂಡತಿ ಅಡುಗೆಮನೆಯಲ್ಲಿ. "ಆ ಕೋಳಿಗೂಡಿಗೆ ಕಳಿಸಿದ್ರೆ ನಮ್ಮ ಹುಡುಗಿ ಆ ಮನೇಲಿ ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ?"

"ರೂಲ್ ಮಾಡಿದ್ದು ನಾನೇ ಕಣೇ. ಸೀಟು ಹೋಗತ್ತೆ."

"ಸೀಟು ಹೋದ್ರೆ ನಿಂತ್ಕೊಂಡು ನೋಡಿ."

ಕೊನೆಗೆ ಭೋಂಗಾ ತನ್ನ ಕೆಂಪು ಸ್ವೆಟರನ್ನೇ ಬೀಗರಿಗೆ ತೊಡಿಸಿದ. ಅದು ಹೊಟ್ಟೆಯ ಅರ್ಧಕ್ಕೆ ಬಂದು, ಇನ್ನು ಇಳಿಯಲಾರೆ ಎಂದು ನಿಂತಿತು.

"ಬೀಗರೇ, ಯಾರು ಗೋಲ್ ಹೊಡೆದ್ರೂ ಕಲ್ಲಿನ ಥರ ಕೂತಿರಿ."

"ನಿಮ್ಮನೇಗೆ ಬಂದು ನಿಮ್ಮ ಮರ್ಯಾದೆ ಕಳೀತೀನಾ ಬೀಗರೇ? ನೀವು ಯೋಚನೆ ಬಿಡಿ."

ಆಟ ಶುರುವಾಗಿ ಕೂತ ಸೀಟು ಬೆಚ್ಚಗಾಗುವ ಮೊದಲೇ ನೀಲಿಯವರು ಗೋಲು ಹೊಡೆದರು. ಗ್ಯಾಲರಿ ಸಾವಿನ ಮನೆಯಾಯಿತು. ಭೋಂಗಾ ಬೀಗರ ಕಡೆ ನೋಡಿದ. ಅವರು ಕುಣಿಯಲಿಲ್ಲ, ನಗಲೂ ಇಲ್ಲ. ಪಕ್ಕದಲ್ಲಿದ್ದ ದರ್ಜಿಯ ಹೆಗಲ ಮೇಲೆ ಕೈಯಿಟ್ಟು, "ಆಗತ್ತೆ ಸ್ವಾಮಿ, ಆಗತ್ತೆ. ಮನಸ್ಸಿಗೆ ಹಚ್ಕೋಬೇಡಿ," ಎಂದರು.

"ಬೀಗರೇ, ಸುಮ್ನಿರಿ," ಎಂದು ಭೋಂಗಾ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಪಾಪ, ಇಷ್ಟು ಜನ ನೊಂದಿರುವಾಗ ಹೆಂಗೆ ಸುಮ್ನಿರೋದು? ನೀವೂ ಒಂದು ಗುಟುಕು ನೀರು ಕುಡೀರಿ."

ಎರಡನೆಯ ಗೋಲಿಗೆ ಬೀಗರು ಎದ್ದೇಬಿಟ್ಟರು. ಸಾಲು ಸಾಲಿಗೂ ಹೋಗಿ ವಿಚಾರಿಸತೊಡಗಿದರು. ತಲೆ ಕಪ್ಪಗಿದ್ದ ಕಾಲದಿಂದ ಕೆಂಪು ತಂಡದ ಸೋಲು ನೋಡುತ್ತ ತಲೆ ಬೋಳಾಗಿಸಿಕೊಂಡ ಮಾಜಿ ಕಂಡಕ್ಟರ್ ಬೀಗರ ಎದೆಗೊರಗಿ ಬಿಕ್ಕಿದ. ಆಸ್ಪತ್ರೆಯ ಆಯಾ ಮೂಗೊರೆಸಿಕೊಂಡು, "ನಮ್ಮನೇವ್ರು ಹೋದಾಗ್ಲೂ ಯಾರೂ ಹಿಂಗೆ ಬಂದು ಕೇಳ್ಲಿಲ್ಲ ಕಣಣ್ಣ," ಎಂದಳು.

ಮೂರನೆಯದೂ ಬಿತ್ತು. ಬೀಗರು ಊರನ್ನೆಲ್ಲ ಸಂತೈಸಿ ಭೋಂಗಾನ ಹತ್ತಿರ ಬಂದು ಬೆನ್ನು ಸವರಿದರು.

"ಗೆಲ್ಲೋದೇ ಎಲ್ಲ ಅಲ್ಲ ಬೀಗರೇ."

ಗೆಲ್ಲುತ್ತಿರುವವರ ಬಾಯಲ್ಲಿ ಆ ಮಾತು ಕೇಳಿ ಭೋಂಗಾನ ತಲೆ ಸಿಡಿಯಿತು. ಎದ್ದು ನಿಂತು ಅರಚಿದ. "ಈ ಮನುಷ್ಯ ನೀಲಿಯವ್ನು. ಹಿಡಿದು ಆಚೆ ಹಾಕ್ರೋ."

ಆಟಗಾರರೂ ಒಂದು ಗಳಿಗೆ ನಿಂತು ತಿರುಗಿ ನೋಡಿದರಂತೆ. ಗ್ಯಾಲರಿಯಲ್ಲಿ ಮಾತ್ರ ಯಾರೂ ಮಿಸುಕಲಿಲ್ಲ.

"ಗೊತ್ತು," ಎಂದ ದರ್ಜಿ. "ಕೂರೋ ಮುಂಚೇನೇ ಅವರೇ ಹೇಳಿದ್ರು. ಸ್ವೆಟರ್ ಒಳಗಿಂದ ನೀಲಿ ಕಾಲರೂ ಕಾಣ್ತಾ ಇತ್ತು. ಕಚಡಾ ಹೊಲಿಗೆ."

"ಗೊತ್ತಿದ್ದೂ ಸುಮ್ನಿದ್ರಾ?"

"ಬಂದವರನ್ನ ಏನೂ ಮಾಡೋ ಹಾಗಿಲ್ಲ. ಕರ್ಕೊಂಡ್ ಬಂದವರ ಸೀಟು ಹೋಗತ್ತೆ. ನೀವು ಅಧ್ಯಕ್ಷರು, ನಾವು ಬಾಯಿ ಬಿಟ್ಟು ಹೇಳೋದು ಹೇಗೆ ಅಂತಿದ್ವಿ. ಈಗ ನೀವೇ ಹೇಳಿದ್ರಿ."

ಬೀಗರು ಗಾಬರಿಯಾದರು. "ಬೇಡ ಬೇಡ, ನಾನೇ ಆ ಕಡೆ ಹೋಗ್ತೀನಿ."

ಆಯಾ ಅವರ ತೋಳು ಹಿಡಿದು ಕೂರಿಸಿದಳು. "ನೀವು ಕೂತ್ಕೊಳಣ್ಣ. ನಾಲ್ಕನೇದೂ ಬಿದ್ರೆ ನಮಗ್ಯಾರು ಗತಿ?"

ಗ್ಯಾಲರಿಯಲ್ಲಿ ಬೇರೆ ಸೀಟು ಖಾಲಿಯಿರಲಿಲ್ಲ. ಭೋಂಗಾ ಮೈದಾನ ಸುತ್ತಿ ಜಾಲರಿಯ ಕಟ್ಟೆಗೆ ನಡೆದ. ಅಲ್ಲಿ ನೀಲಿ ಸ್ಕಾರ್ಫಿನ ಹೆಂಗಸೊಬ್ಬಳು ಅವನ ಕೆಂಪು ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಜಾಗ ಬಿಟ್ಟಳು. ಆಟ ಮುಗಿಯುವ ಹೊತ್ತಿಗೆ ಕೆಂಪಿನವರ ಕಾಲಿಗೂ ಒಂದು ಗೋಲು ತಾಗಿತು. ಭೋಂಗಾನಿಗೆ ತಡೆಯಲಾಗಲಿಲ್ಲ, ಕೂಗಿಬಿಟ್ಟ. ಆಮೇಲೆ ಏಟಿಗೆ ಕಾದು ಕಣ್ಣು ಮುಚ್ಚಿಕೊಂಡ. ಏಟು ಬೀಳಲಿಲ್ಲ.

"ಕೂಗ್ಲಿ ಬಿಡಿ," ಎಂದಳು ಸ್ಕಾರ್ಫಿನ ಹೆಂಗಸು ಹಿಂದಿನವರಿಗೆ. "ಪಾಪ, ಇರೋದೇ ಒಂದು."

ಅದಕ್ಕಿಂತ ಎರಡು ಏಟು ಬಿಗಿದಿದ್ದರೆ ಚೆನ್ನಾಗಿತ್ತು.

ಆ ಸಂಜೆ ಬೀಗರು ಊಟ ಮಾಡುತ್ತ ಅವನ ಹೆಂಡತಿಗೆ ಹೇಳಿದರು, "ನನಗೆ ಸೀಟು ಬಿಟ್ಟುಕೊಟ್ಟು, ತಾವು ಹೋಗಿ ನಮ್ಮವರ ಜೊತೆ ಕೂತ್ರು ತಂಗೀ. ಎಂಥ ದೊಡ್ಡ ಮನಸ್ಸು. ಮನೇಲಿ ಸೊಸೆಗೆ ಹೇಳ್ತೀನಿ." ಬೀಗರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. 'ಆಚೆ ಹಾಕ್ರೋ' ಅಂದದ್ದು ಅವರ ಕಿವಿಗೆ ಬಿದ್ದಿರಲಿಲ್ಲವೋ, ಅಥವಾ ಅನ್ನದ ಜೊತೆ ನುಂಗಿಕೊಂಡರೋ, ಕೇಳುವ ಧೈರ್ಯ ಭೋಂಗಾನಿಗೆ ಇವತ್ತಿಗೂ ಬಂದಿಲ್ಲ.

ಮುಂದಿನ ಸಭೆಯಲ್ಲಿ ಅವನೇ ಎದ್ದು ನಿಂತ. "ಆಟ ಅಂದ್ಮೇಲೆ ಎಲ್ಲಾರೂ ಒಟ್ಟಿಗೆ ಕೂರ್ಬೇಕು. ಬಣ್ಣ ನೋಡಿ ಬೇಲಿ ಹಾಕೋಕೆ ನಾವೇನು ದನ ಮೇಯಿಸ್ತಿದೀವಾ? ಈ ದರಿದ್ರ ರೂಲ್ ತಂದವನಿಗೆ ನಾಚಿಕೆ ಆಗ್ಬೇಕು."

ಅದೇ ಕೈಗಳು, ಅದೇ ಚಪ್ಪಾಳೆ. ನಿಯಮ ಬಿದ್ದುಹೋಯಿತು.

"ಹಾಗಾದ್ರೆ ನನ್ನ ಸೀಟು," ಎಂದ ಭೋಂಗಾ, ಕೂರುತ್ತ.

"ಅದು ನಿಮ್ಮ ಬೀಗರಿಗೆ ಆಗ್ಹೋಯ್ತು," ಎಂದ ದರ್ಜಿ. "ಪ್ರತಿ ಪಂದ್ಯಕ್ಕೂ ಬರ್ತೀನಿ ಅಂದಿದಾರೆ. ನಮ್ಮವರು ಸೋಲೋದು ಹೇಗೂ ನಿಲ್ಲಲ್ವಲ್ಲ."

"ಅವರ ಪಕ್ಕದ್ದು?"

"ಆಯಾ ಹಿಡಿದಾಗಿದೆ. ಹಿಂದಿನ ಸಾಲಲ್ಲಿ ಒಂದಿದೆ. ಆದ್ರೆ ಕಂಬ ಅಡ್ಡ ಬರತ್ತೆ, ಒಂದು ಕಡೆಯ ಗೋಲ್‌ಪೋಸ್ಟ್ ಕಾಣಲ್ಲ."

"ಯಾವ ಕಡೇದು?"

"ನಮ್ಮವರು ಕಾಯೋ ಕಡೇದು."

ಭೋಂಗಾ ಯೋಚಿಸಲೂ ಇಲ್ಲ.

"ಅದನ್ನೇ ಕೊಡಿ," ಎಂದ.